ಒದ್ದೆ ಹೊಟ್ಟೆಯ ಟಿಟ್ಟಿಭ

ಶಿಡ್ಲಘಟ್ಟದಲ್ಲಿ ನಮ್ಮದು ರೇಷ್ಮೆ ಗೂಡಿನಿಂದ ನೂಲು ತೆಗೆಯುವ ಕಸುಬು. ಅಪ್ಪನ ಕಾಲದಿಂದ ಬಂದದ್ದು. ಮನೆಯಲ್ಲಿ ಉರ್ದು, ಗೂಡಿನ ಮಾರ್ಕೆಟ್ಟಿನಲ್ಲಿ ಕನ್ನಡ, ಆಂಧ್ರದ ಕಡೆಯ ರೈತರು ಬಂದರೆ ತೆಲುಗು. ಓದು ಬರಹ ಮಾತ್ರ ನನಗೆ ಕನ್ನಡದಲ್ಲೇ ಆದದ್ದು. ನಲವತ್ತು ದಾಟಿದ ಮೇಲೆ ನನಗೆ ಕ್ಯಾಮೆರಾದ ಹುಚ್ಚು ಹಿಡಿಯಿತು. ತಮ್ಮನ ಮದುವೆಗೆ ಫೋಟೋ ತೆಗೆಯಲು ಬಂದವನು ಊಟದ ಹೊತ್ತಿನಲ್ಲಿ ತಾನು ತೆಗೆದ ಒಂದು ಮಿಂಚುಳ್ಳಿಯ ಚಿತ್ರ ತೋರಿಸಿದ. ಹಕ್ಕಿ ನೀರಿನಿಂದ ಮೇಲೇಳುತ್ತಿದೆ, ಕೊಕ್ಕಿನಲ್ಲಿ ಮೀನು, ಮೀನಿನ ಬಾಲದ ತುದಿಯಲ್ಲಿ ಒಂದು ಹನಿ. ಆ ಹನಿ ಇನ್ನೂ ಬಿದ್ದಿಲ್ಲ. ನಾನು ಬಿರಿಯಾನಿ ಬಿಟ್ಟು ಅದನ್ನೇ ನೋಡುತ್ತ ಕೂತೆ.

ಆರು ತಿಂಗಳಲ್ಲಿ ಯಾರೋ ಬಳಸಿ ಬಿಟ್ಟ ಕ್ಯಾಮೆರಾ, ಉದ್ದದ ಲೆನ್ಸು ಎರಡೂ ಮನೆಗೆ ಬಂದವು. ಭಾನುವಾರಗಳು ಕಳವಾರದ ಬೆಟ್ಟದ ಬುಡದಲ್ಲಿ, ಕೆರೆ ಏರಿಗಳ ಮೇಲೆ ಕಳೆದವು. ಚಿಕ್ಕಬಳ್ಳಾಪುರದಲ್ಲಿ ನಮ್ಮಂಥವರದೇ ಒಂದು ಗುಂಪಿದೆ. ಮೇಷ್ಟರು, ಔಷಧಿ ಅಂಗಡಿಯವರು, ಒಬ್ಬ ಹಲ್ಲಿನ ಡಾಕ್ಟರು. ಅವರಲ್ಲಿ ಹಿರಿಯರೊಬ್ಬರು ನನ್ನ ಮೊದಲ ಚಿತ್ರಗಳನ್ನು ನೋಡಿ, "ಹಕ್ಕಿ ಎಲ್ರಿಗೂ ಸಿಗುತ್ತೆ ಸಾಬ್ರೇ, ಗಳಿಗೆ ಸಿಗಲ್ಲ. ಗಳಿಗೆಗೆ ಕಾಯ್ಬೇಕು" ಅಂದರು. ಕಾಯುವುದು ನನಗೆ ಕಷ್ಟದ್ದಾಗಿರಲಿಲ್ಲ. ಗೂಡು ಬೇಯುವ ನೀರಿನ ಮುಂದೆ ನಿಂತು ಬೆಳೆದವನು ನಾನು.

ನಾನು ಕಾಯುತ್ತಿದ್ದ ಗಳಿಗೆ ಒಂದೇ. ಟಿಟ್ಟಿಭ ಹಕ್ಕಿ ಗೂಡು ಕಟ್ಟುವುದಿಲ್ಲ. ಬಯಲಲ್ಲಿ, ಬೆಣಚುಕಲ್ಲುಗಳ ನಡುವೆ, ಬರಿ ನೆಲದ ಮೇಲೆ ನಾಲ್ಕು ಮೊಟ್ಟೆ ಇಡುತ್ತದೆ. ಬೇಸಿಗೆಯ ನಡುಮಧ್ಯಾಹ್ನ ನೆಲ ಕಾದಾಗ ಅದು ನೀರಿದ್ದಲ್ಲಿಗೆ ಹೋಗಿ ಹೊಟ್ಟೆಯ ಗರಿಗಳನ್ನು ನೆನೆಸಿಕೊಂಡು ಬಂದು ಮೊಟ್ಟೆಗಳ ಮೇಲೆ ಕೂರುತ್ತದೆ. ಹಾಗೆ ಬಂದು ಕೂರುವ ಮುಂಚಿನ ಒಂದು ಕ್ಷಣ, ಮೊಟ್ಟೆಗಳ ಮೇಲೆ ಕಾಲಗಲಿಸಿ ನಿಂತಾಗ, ಹೊಟ್ಟೆಯಿಂದ ಹನಿ ತೊಟ್ಟಿಕ್ಕುತ್ತದೆ. ನನಗೆ ಆ ಹನಿ ಬೇಕಿತ್ತು.

ಈ ಮಾತನ್ನು ಒಂದು ಬೆಳಿಗ್ಗೆ ಮಾರ್ಕೆಟ್ಟಿನಲ್ಲಿ ಒಬ್ಬ ಹೆಂಗಸಿನ ಮುಂದೆ ಆಡಿದೆ. ಅವರು ಕೆಂಚಾರ್ಲಹಳ್ಳಿ ಕಡೆಯ ರೈತ ಮಹಿಳೆ, ಅರವತ್ತು ದಾಟಿದವರು. ಹಿಪ್ಪುನೇರಳೆ ತೋಟ, ಹುಳು ಸಾಕಣೆ ಎಲ್ಲ ಅವರದೇ ಕೈ. ಅವರ ಗೂಡು ಗಟ್ಟಿ, ನೂಲು ಹರಿಯುತ್ತಿರಲಿಲ್ಲ. ಅವರ ಲಾಟು ಬಂದ ದಿನ ನಾನು ಬೇರೆ ಕಡೆ ನೋಡುತ್ತಿರಲಿಲ್ಲ. ಹರಾಜು ಶುರುವಾಗುವ ತನಕ ಕೂತು ಮಾತಾಡುವುದು ರೂಢಿಯಾಗಿತ್ತು.

"ಅದಾ? ತೀತುವ ಪಿಟ್ಟ" ಅಂದರು ಅವರು ತೆಲುಗಿನಲ್ಲಿ. "ನಮ್ಮ ಹೊಲದಾಗೇ ಇಕ್ಕೈತೆ ಮೊಟ್ಟೆ. ಟ್ರ್ಯಾಕ್ಟರ್ನೋನ್ಗೆ ಹೇಳಿ ಅಷ್ಟಗಲ ಬಿಡ್ಸಿವ್ನಿ. ಬಂದು ನೋಡು ಬೇಕಾದ್ರೆ."

ಮಾರನೆಯ ದಿನವೇ ಹೋದೆ. ತೋಟದ ಪಕ್ಕದಲ್ಲಿ ರಾಗಿಗೆಂದು ಉತ್ತಿಟ್ಟ ಹೊಲ. ಅದರ ನಡುವೆ ಒಂದು ಮಂಚದಗಲ ಮಣ್ಣು ಉಳದೆ ಹಾಗೇ ಉಳಿದಿತ್ತು. ಗುರುತಿಗೆ ಒಂದು ಕಡ್ಡಿ ನೆಟ್ಟು ಹಳೆಯ ಸೀರೆಯ ಚೂರು ಕಟ್ಟಿದ್ದರು. ಟಿಟ್ಟಿಭ ಕೂಗಿದರೆ ಮನೆಗೆ ಒಳ್ಳೆಯದಲ್ಲ ಅನ್ನುವ ಮಾತು ಆ ಕಡೆ ಇದೆ. ಅದನ್ನು ಕೇಳಿದಾಗ ಅವರು ನಕ್ಕರು. "ಆಕಾಶ ಬಿದ್ರೆ ಹಿಡ್ಕಳಾಕೆ ಕಾಲು ಮೇಲ್ಮಾಡ್ಕಂಡು ಮಲಗ್ತೈತಂತೆ. ಅಂಥದ್ರ ಮೇಲೆ ಟ್ರ್ಯಾಕ್ಟರ್ ಹತ್ಸಾಕಾಯ್ತದಾ?"

ಅವರ ಜೊತೆಯಲ್ಲಿ ಒಂದು ಕಂದು ಬಣ್ಣದ ನಾಯಿ ಇತ್ತು. ಊರ ನಾಯಿಯೇ, ಕಿವಿಯ ತುದಿ ಹರಿದಿತ್ತು. ಹುಳು ಸಾಕುವ ಮನೆಯ ಬಾಗಿಲಲ್ಲಿ ಮಲಗಿ ಇಲಿ, ಹೆಗ್ಗಣ ಹತ್ತಿರ ಬರದಂತೆ ಕಾಯುವುದು ಅದರ ಕೆಲಸ. ಹಕ್ಕಿ ಕಿರುಚುತ್ತ ನೆತ್ತಿಯ ಮೇಲೆ ಎರಗಿದಾಗ ನಾಯಿ ತಲೆ ತಗ್ಗಿಸಿ ಅವರ ಹಿಂದೆ ಸರಿಯಿತು. "ಇದ್ಕೆ ಎರಡು ಸಲ ಕುಟ್ಟೈತೆ, ಆವಾಗ್ಲಿಂದ ಆ ಕಡೆ ತಿರುಗೂ ನೋಡಲ್ಲ" ಅಂದರು.

ಹೊಲದ ಅಂಚಿನಲ್ಲಿದ್ದ ಹೊಂಗೆ ಮರ ತೋರಿಸಿ ಒಂದೇ ಮಾತು ಹೇಳಿದರು. "ಅಲ್ಲಿ ಕೂತ್ಕೋಪ್ಪ. ಅಲ್ಲಿಂದ ಈಚೆ ಬರ್ಬೇಡ. ಮನುಷ್ರು ಕಂಡ್ರೆ ಅವು ಮೊಟ್ಟೆ ಮೇಲೆ ಬರಲ್ಲ."

ಮರದಿಂದ ಮೊಟ್ಟೆಗಳಿಗೆ ಮೂವತ್ತು ಮಾರು ಇದ್ದಿರಬೇಕು. ಮೂರು ದಿನ ಅಲ್ಲಿಯೇ ಕೂತೆ. ಬೋರ್‌ವೆಲ್ಲಿನ ವಾಲ್ವು ಸೋರಿ ಬದುವಿನ ಹತ್ತಿರ ಒಂದು ಸಣ್ಣ ಹೊಂಡವಾಗಿತ್ತು. ಹಕ್ಕಿ ಅಲ್ಲಿಗೆ ಹೋಗುವುದು, ಕುಕ್ಕರುಬಡಿದು ನೀರಿನಲ್ಲಿ ಹೊಟ್ಟೆ ಅಲುಗಿಸುವುದು, ಸರಸರನೆ ನಡೆದು ಬರುವುದು, ಎಲ್ಲವೂ ಕಂಡವು. ಆದರೆ ಆ ಹೊತ್ತಿನಲ್ಲಿ ಬಿಸಿಲ ಝಳ ನೆಲದಿಂದ ಮೇಲೆದ್ದು ನಡುವಿನ ಗಾಳಿಯೆಲ್ಲ ಕುದಿಯುತ್ತಿತ್ತು. ತೆಗೆದ ಚಿತ್ರಗಳಲ್ಲಿ ಹಕ್ಕಿಯೂ ಇಲ್ಲ, ಹನಿಯೂ ಇಲ್ಲ. ನೀರಲ್ಲಿ ಕಲಸಿದ ಬಣ್ಣದ ಹಾಗೆ ಏನೋ ಒಂದು. ಬೆಳಗಿನ ತಂಪಿನಲ್ಲಿ ಚಿತ್ರ ಸ್ವಚ್ಛವಾಗಿ ಬರುತ್ತದೆ, ಆದರೆ ತಂಪಿನಲ್ಲಿ ಹಕ್ಕಿ ಹೊಟ್ಟೆ ನೆನೆಸುವುದಿಲ್ಲ. ಹತ್ತಿರ ಹೋಗದೆ ಬೇರೆ ದಾರಿಯೇ ಇಲ್ಲವೆಂದು ಲೆಕ್ಕ ಹಾಕಿದೆ.

ನಾಲ್ಕನೆಯ ದಿನ ಹತ್ತು ಮಾರು ಮುಂದೆ ಸರಿದೆ. ಐದನೆಯ ದಿನ ಇನ್ನೂ ಸ್ವಲ್ಪ. ಆ ವಾರ ಅವರ ಹುಳುಗಳು ಕೊನೆಯ ಹಂತಕ್ಕೆ ಬಂದಿದ್ದವು. ಆ ಹೊತ್ತಿನಲ್ಲಿ ಹುಳು ತಿನ್ನುವ ಸೊಪ್ಪಿಗೆ ಮಿತಿಯಿಲ್ಲ. ಸಾಕುವವರಿಗೆ ತಲೆ ಎತ್ತಲು ಬಿಡುವಿರುವುದಿಲ್ಲ. ಅವರು ಹುಳು ಮನೆ ಬಿಟ್ಟು ಹೊಲದ ಕಡೆ ಬರುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಗೂಡಿನ ವ್ಯಾಪಾರ ಮಾಡುವವನಿಗೆ ಅದು ಗೊತ್ತಿರದೆ ಇರುತ್ತದೆಯೇ? ಅದನ್ನೇ ನಾನು ಉಪಯೋಗಿಸಿಕೊಂಡೆ.

ಆರನೆಯ ದಿನ ಮೊಟ್ಟೆಗಳಿಂದ ಎಂಟು ಮಾರು ದೂರದಲ್ಲಿ ಉಳುಮೆಯ ಸಾಲಿನಲ್ಲಿ ಬೋರಲು ಮಲಗಿ, ಮೈಮೇಲೆ ಮಣ್ಣಿನ ಬಣ್ಣದ ಬಟ್ಟೆ ಹೊದ್ದುಕೊಂಡೆ. ಆಗ ಬೆಳಿಗ್ಗೆ ಹನ್ನೊಂದು ಗಂಟೆ. ನನ್ನನ್ನು ಕಂಡು ಮೊಟ್ಟೆಯಿಂದ ಎದ್ದು ಹೋದ ಹಕ್ಕಿ ಸ್ವಲ್ಪ ಹೊತ್ತಿಗೆ ಮರೆತು ಬರುತ್ತದೆ ಎಂದುಕೊಂಡೆ. ಬರಲಿಲ್ಲ. ಎರಡೂ ಹಕ್ಕಿಗಳು ಮೇಲೆ ಸುತ್ತುತ್ತ ಕೂಗಿದವು. ಆಮೇಲೆ ಕೂಗುವುದನ್ನೂ ಬಿಟ್ಟು ದೂರದಲ್ಲಿ ಕೊಕ್ಕು ತೆರೆದು ನಿಂತವು. ಹನ್ನೆರಡು ಆಯಿತು. ಬಟ್ಟೆಯ ಕೆಳಗೆ ನನ್ನ ಬೆನ್ನು ಬೇಯುತ್ತಿತ್ತು. ಅಂಗೈ ಚಾಚಿ ನೆಲ ಮುಟ್ಟಿದರೆ ಇಟ್ಟುಕೊಳ್ಳಲಾಗಲಿಲ್ಲ. ಲೆನ್ಸಿನೊಳಗೆ ನಾಲ್ಕು ಮೊಟ್ಟೆಗಳು, ಚೂಪು ತುದಿ ಒಳಗೆ ಮಾಡಿ ಹೂವಿನ ಹಾಗೆ ಜೋಡಿಸಿಟ್ಟಂತೆ, ಬಿಸಿಲಿಗೆ ತೆರೆದು ಬಿದ್ದಿದ್ದವು.

ಫೋನು ಅಲುಗಿತು. ಹೆಂಡತಿ. "ಊಟಕ್ಕೆ ಬರ್ತೀರಾ?" ಅಂದಳು.

"ಇನ್ನು ಹತ್ತು ನಿಮಿಷ" ಅಂತ ಪಿಸುಗುಟ್ಟಿದೆ.

ಒಂದು ಗಂಟೆಯ ಹೊತ್ತಿಗೆ ಹೆಣ್ಣೋ ಗಂಡೋ ಒಂದು ಹಕ್ಕಿ ಹೊಂಡಕ್ಕೆ ಹೋಗಿ ಹೊಟ್ಟೆ ನೆನೆಸಿಕೊಂಡು ಬಂತು. ಮೊಟ್ಟೆಗಳಿಗೆ ನಾಲ್ಕು ಮಾರು ಇದ್ದಾಗ ನಿಂತುಬಿಟ್ಟಿತು. ನನ್ನ ಕಡೆ ನೋಡಿತು. ಒಂದು ಕಾಲು ಎತ್ತಿ ಹಾಗೇ ನಿಂತಿತು. ಅದರ ಹೊಟ್ಟೆಯ ನೀರು ಅಲ್ಲೇ, ಬರಿ ಮಣ್ಣಿನ ಮೇಲೆ ಸೋರಿಹೋಗುವುದನ್ನು ನಾನು ಲೆನ್ಸಿನಲ್ಲಿ ನೋಡಿದೆ. ಗರಿ ಒಣಗಿದ ಮೇಲೆ ಅದು ಮತ್ತೆ ಹೊಂಡಕ್ಕೆ ಹೋಯಿತು. ಮತ್ತೆ ನೆನೆದು ಬಂತು. ಮತ್ತೆ ಅದೇ ಜಾಗದಲ್ಲಿ ನಿಂತಿತು.

ಆಗ ನನಗೆ ಅರ್ಥವಾಗಿರಲಿಲ್ಲ ಎಂದು ಬರೆದರೆ ಅದು ಸುಳ್ಳಾಗುತ್ತದೆ. ಅರ್ಥವಾಗಿತ್ತು. ಎದ್ದು ಹೋಗಬೇಕು ಎಂದು ಮನಸ್ಸು ಹೇಳಿತು ಕೂಡ. ಆದರೆ ಇಷ್ಟು ಹೊತ್ತು ಕಾದವನು ಈಗ ಎದ್ದರೆ ಕಾದದ್ದೆಲ್ಲ ದಂಡ, ಇನ್ನೊಂದು ಸಲ ಬಂದೀತು ಎಂದು ಇನ್ನೊಂದು ಮನಸ್ಸು. ಅದರ ಮಾತನ್ನೇ ಕೇಳಿದೆ.

ಮೂರನೆಯ ಸಲ ಅದು ನಿಲ್ಲಲಿಲ್ಲ. ನನ್ನ ಮೇಲಿನ ಭಯವನ್ನೂ ಬಿಟ್ಟು ನೇರವಾಗಿ ಬಂದು ಮೊಟ್ಟೆಗಳ ಮೇಲೆ ರೆಕ್ಕೆ ಅರೆ ಬಿಚ್ಚಿ ನಿಂತಿತು. ಕೊಕ್ಕು ತೆರೆದೇ ಇತ್ತು. ಹೊಟ್ಟೆಯ ಬಿಳಿಗರಿ ಜಡೆಗಟ್ಟಿ, ಒಂದು ಗರಿಯ ತುದಿಯಲ್ಲಿ ಹನಿ ಕೂಡಿಕೊಂಡು ಉದ್ದವಾಯಿತು. ಬೆರಳು ತಾನಾಗಿ ಒತ್ತಿತು. ಹನಿ ಗರಿಗೂ ಮೊಟ್ಟೆಗೂ ನಡುವೆ ಇರುವ ಚಿತ್ರ ನನ್ನ ಹತ್ತಿರ ಈಗಲೂ ಇದೆ. ಅಂಥ ಚಿತ್ರ ಅದಕ್ಕೆ ಮುಂಚೆ ನಾನು ತೆಗೆದಿರಲಿಲ್ಲ, ಆಮೇಲೂ ತೆಗೆದಿಲ್ಲ. ಗಾಡಿ ಹತ್ತಿ ಶಿಡ್ಲಘಟ್ಟ ಸೇರುವ ತನಕ ನಾನು ಸಂತೋಷದಲ್ಲಿ ಏನೇನೋ ಹಾಡಿಕೊಳ್ಳುತ್ತಿದ್ದೆ.

ಮೊಟ್ಟೆ ಒಡೆಯಲು ಇನ್ನು ವಾರ ಸಾಕು ಎಂದು ಆ ಅಮ್ಮ ಹೇಳಿದ್ದರು. ಒಂದು ವಾರ ಬಿಟ್ಟು ಹೋದೆ. ಹಕ್ಕಿ ಕೂತಿತ್ತು. ಹತ್ತು ದಿನಕ್ಕೆ ಹೋದೆ. ಕೂತಿತ್ತು. ಈ ಸಲ ನಾನು ಹೊಂಗೆ ಮರ ದಾಟಲಿಲ್ಲ. ಅದರಿಂದ ಏನು ಪ್ರಯೋಜನ? ಇನ್ನೂ ಒಂದು ವಾರದ ಮೇಲೆ ಹೋದಾಗ ಹಕ್ಕಿಗಳು ಇರಲಿಲ್ಲ. ಮೊಟ್ಟೆಗಳು ಇದ್ದ ಹಾಗೇ ಇದ್ದವು, ಮೇಲೆ ಧೂಳು ಕೂತಿತ್ತು. ಒಂದನ್ನು ಕಲ್ಲಿಗೆ ತಾಗಿಸಿ ಒಡೆದೆ. ವಾಸನೆ ಮುಖಕ್ಕೆ ಹೊಡೆಯಿತು. ಒಳಗೆ ಮರಿ ಪೂರ್ತಿ ಆಗಿತ್ತು. ಕಾಲು, ಮುಚ್ಚಿದ ಕಣ್ಣು, ಬೆನ್ನಿನ ಮೇಲೆ ಒದ್ದೆ ತುಪ್ಪಳ.

ದಿನಾ ಸಾವಿರಾರು ಗೂಡುಗಳನ್ನು ಬಿಸಿನೀರಿಗೆ ಹಾಕುವ ಮನುಷ್ಯ ನಾನು. ಒಳಗಿರುವ ಹುಳು ಸಾಯದೆ ನೂಲು ಬರುವುದಿಲ್ಲ. ಆ ವಿಚಾರದಲ್ಲಿ ಒಂದು ದಿನವೂ ನನ್ನ ನಿದ್ದೆ ಕೆಟ್ಟದ್ದಿಲ್ಲ. ಆದರೆ ಅಂದು ಉಳಿದ ಮೂರನ್ನು ಒಡೆಯಲಾಗಲಿಲ್ಲ. ಅದು ಮರಿಗಾಗಿಯೋ, ಆ ಅಮ್ಮನಿಗೆ ಏನು ಹೇಳುವುದೆಂಬ ಹೆದರಿಕೆಗೋ, ಈಗಲೂ ಬಿಡಿಸಿ ಹೇಳಲಾರೆ. ಬದುವಿನ ಬುಡದಲ್ಲಿ ಗುಂಡಿ ತೆಗೆದು ನಾಲ್ಕನ್ನೂ ಮುಚ್ಚಿದೆ. ಮೇಲೆ ಕಾಲಿಂದ ತುಳಿದು ಸಮ ಮಾಡಿದೆ.

ಹುಳು ಮನೆಯ ಹತ್ತಿರ ಬಂದಾಗ ಅವರು ಸೊಪ್ಪಿನ ಕಡ್ಡಿಗಳನ್ನು ರಾಶಿ ಹಾಕುತ್ತಿದ್ದರು. "ಮರಿ ಆದ್ವಾ?" ಅಂತ ಕೇಳಿದರು.

"ಇಲ್ಲಮ್ಮ. ಮೊಟ್ಟೆನೇ ಇಲ್ಲ."

"ಏನಾದ್ವು?"

ನಾಯಿ ಬಾಗಿಲಲ್ಲಿ ಮಲಗಿತ್ತು. ನನ್ನ ಕಣ್ಣು ಅದರ ಮೇಲೆ ಬಿತ್ತು. "ನಾಯಿ ತಿಂದಿರ್ಬೇಕು" ಅಂದೆ.

ಮುಂಚೆಯೇ ಯೋಚಿಸಿ ಇಟ್ಟುಕೊಂಡ ಮಾತಲ್ಲ ಅದು. ಬಾಯಿಗೆ ಬಂತು, ಆಡಿಬಿಟ್ಟೆ. ಅವರು ಕಡ್ಡಿ ಕೆಳಗಿಟ್ಟು ನಾಯಿಯನ್ನೇ ನೋಡಿದರು. "ಇದಾ?" ಅಂದರು ಮೆಲ್ಲಗೆ. ನಾನು ಮನೆಗೆ ಬಂದೆ.

ಚಿತ್ರವನ್ನು ಗುಂಪಿನ ವಾಟ್ಸಾಪಿನಲ್ಲಿ ಹಾಕಿದಾಗ ಹಿರಿಯರು ಫೋನು ಮಾಡಿ ಹರಸಿದರು. ಚಿಕ್ಕಬಳ್ಳಾಪುರದ ಒಂದು ಶಾಲೆಯ ಹಾಲ್‌ನಲ್ಲಿ ಗುಂಪಿನವರೆಲ್ಲ ಸೇರಿ ಚಿತ್ರ ಪ್ರದರ್ಶನ ಮಾಡಿದರು. ನನ್ನದನ್ನು ಬಾಗಿಲಿಗೆ ಎದುರಾಗಿ ಹಾಕಿದ್ದರು, ಕೆಳಗೆ 'ತಾಯಿ' ಎಂದು ಯಾರೋ ಚೀಟಿ ಅಂಟಿಸಿದ್ದರು. ಶಾಲೆಯ ಟೀಚರ್ ಒಬ್ಬರು ಅದರ ಮುಂದೆ ನಿಂತು ಕಣ್ಣು ಒರೆಸಿಕೊಂಡರು. ಎಷ್ಟು ಹೊತ್ತು ಕಾದಿರಿ ಎಂದು ಎಲ್ಲರೂ ಕೇಳಿದರು. ಮೂರು ಗಂಟೆ ಅಂದೆ. ಆ ಮೂರು ಗಂಟೆ ಹಕ್ಕಿ ಎಲ್ಲಿತ್ತು ಎಂದು ಒಬ್ಬರೂ ಕೇಳಲಿಲ್ಲ.

ಆ ಅಮ್ಮನಿಗೂ ಒಂದು ಪ್ರತಿ ಕೊಡಬೇಕು ಅನ್ನಿಸಿತು. ಋಣ ತೀರಿಸಿದ ಹಾಗೆ ಆಗಲಿ ಎಂಬ ಆಸೆ ಇದ್ದಿರಬೇಕು. ಫ್ರೇಮು ಹಾಕಿಸಿ ತೆಗೆದುಕೊಂಡು ಹೋದೆ. ಅವರು ಸೆರಗಿನಿಂದ ಗಾಜು ಒರೆಸಿ, ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಎಷ್ಟು ಚೆಂದಾಗಿ ತಂಪು ಮಾಡ್ತೈತೆ ನೋಡಪ್ಪ. ಇಷ್ಟೆಲ್ಲ ಮಾಡಿದ್ರೂ ಉಳ್ಕಳ್ಲಿಲ್ವಲ್ಲ" ಅಂದರು. ನನಗೆ ಕೂರಲಾಗಲಿಲ್ಲ. ಆಗ ಗಮನಿಸಿದೆ, ಬಾಗಿಲಲ್ಲಿ ನಾಯಿ ಇರಲಿಲ್ಲ.

"ನಾಯಿ ಎಲ್ಲಮ್ಮ?"

"ಕಳ್ಸಿಬಿಟ್ಟೆ" ಅಂದರು. "ಒಂದ್ಸಲ ಮೊಟ್ಟೆ ರುಚಿ ಕಂಡಿದ್ದು ಬಿಡಲ್ಲ ಕಣಪ್ಪ. ಊರಾಗೆ ಎಲ್ರೂ ಕೋಳಿ ಸಾಕವ್ರೆ. ನಾಳೆ ಇನ್ನೊಬ್ರ ಮನೆ ಮೊಟ್ಟೆಗೆ ಬಾಯಾಕಿದ್ರೆ ವಿಷ ಇಕ್ತಾರೆ. ಅದ್ನ ನೋಡಾಕಿಂತ ದೂರ ಇದ್ರೆ ಎಲ್ಲಾನ ಬದ್ಕತೈತೆ ಅಂತ. ನನ್ ತಮ್ಮ ಗೌರಿಬಿದನೂರಿಗೆ ತರಕಾರಿ ತಗೊಂಡೋಗ್ತಾನಲ್ಲ, ಅವ್ನ ಲಗೇಜ್ ಆಟೋದಾಗೆ ಹತ್ಸಿ ವಿದುರಾಶ್ವತ್ಥದತ್ರ ಬಿಡ್ಸ್ದೆ. ದೇವಸ್ಥಾನ, ಜನ ಬರ್ತಾರೆ, ಏನಾನ ಹಾಕ್ತಾರೆ."

"ಯಾವಾಗ?"

"ಆಗ್ಲೇ ತಿಂಗ್ಳಾಯ್ತು. ಹತ್ತಾಕೇ ಒಪ್ಲಿಲ್ಲ. ನಾನೂ ಕೂತ್ಕಂಡೆ ರಸ್ತೆ ತನ್ಕ, ಆವಾಗ ಹತ್ತಿತು."

ಹೇಳಬೇಕಾಗಿದ್ದದ್ದು ಆಗಲೇ. ನಾಯಿಯನ್ನು ಮೊದಲು ಹುಡುಕಿ ತರುತ್ತೇನೆ, ತಂದು ನಿಲ್ಲಿಸಿ ಆಮೇಲೆ ಹೇಳುತ್ತೇನೆ ಎಂದು ನನಗೆ ನಾನೇ ಸಮಾಧಾನ ಮಾಡಿಕೊಂಡೆ. ಅಲ್ಲಿಯೂ ಒಳ್ಳೆಯ ಗಳಿಗೆಗೆ ಕಾಯುವ ಬುದ್ಧಿಯೇ.

ಮುಂದಿನ ಭಾನುವಾರ ಬೈಕಿನಲ್ಲಿ ವಿದುರಾಶ್ವತ್ಥಕ್ಕೆ ಹೋದೆ. ಮೊದಲ ದಿನ ಸುಮ್ಮನೆ ತೆಗೆದ ನಾಯಿಯ ಒಂದು ಚಿತ್ರ ಫೋನಿನಲ್ಲಿತ್ತು. ಹಣ್ಣುಕಾಯಿ ಅಂಗಡಿಗಳಲ್ಲಿ, ನಾಗರಕಲ್ಲುಗಳ ಸಾಲಿನ ಹತ್ತಿರ, ಹುತಾತ್ಮರ ಸ್ಮಾರಕದ ತೋಟದಲ್ಲಿ ತೋರಿಸುತ್ತ ಕೇಳಿದೆ. ಕೊನೆಗೆ ಬಸ್ಸು ನಿಲ್ಲುವಲ್ಲಿ ಟೀ ಮಾರುವ ಹೆಂಗಸು ಗುರುತು ಹಿಡಿದರು.

"ಕಿವಿ ಹರ್ದಿತ್ತಲ್ಲ, ಅದೇ. ಇಲ್ಲೇ ಇತ್ತು ಹದಿನೈದು ದಿನ. ಬನ್ ಹಾಕಿದ್ರೆ ತಿಂತಿರ್ಲಿಲ್ಲ. ಲಗೇಜ್ ಆಟೋ ಯಾವ್ದಾನ ಬಂದ್ರೆ ಎದ್ದೋಗಿ ಹಿಂದ್ಗಡೆ ನೋಡೋದು, ಮೂಸೋದು, ಮತ್ತೆ ಬಂದು ಮಲ್ಕೊಳ್ಳೋದು. ಪಾಪಂ. ನಿಮ್ದಾ?"

"ನಮ್ಮೋರ್ದು" ಅಂದೆ.

"ಆಮೇಲೆ ಕಾಣ್ಲಿಲ್ಲಪ್ಪ. ಯಾವ್ದೋ ಗಾಡಿ ಹಿಂದೆ ಓಡೋಯ್ತು ಅಂದ್ರು, ಹಿಂದೂಪುರದ ಕಡೆಗೆ."

ಹಿಂದೂಪುರದ ರಸ್ತೆಯಲ್ಲಿ ಅಂದೇ ಹೋದೆ. ಆಮೇಲೆ ಇನ್ನೂ ಎರಡು ಭಾನುವಾರ ಹೋದೆ. ಕ್ಯಾಮೆರಾ ಮನೆಯಲ್ಲೇ ಇತ್ತು. ಧಾಬಾಗಳ ಹಿಂದೆ, ಕೋಳಿ ಅಂಗಡಿಗಳ ಮುಂದೆ, ಕಂದು ನಾಯಿ ಕಂಡಲ್ಲೆಲ್ಲ ಬೈಕು ನಿಲ್ಲಿಸಿ ಕಿವಿ ನೋಡಿದೆ. ಸಿಗಲಿಲ್ಲ.

ಮೂರನೆಯ ಭಾನುವಾರ ಹೆಂಡತಿ ಕೇಳಿದಳು, ಕ್ಯಾಮೆರಾ ಬಿಟ್ಟು ಎಲ್ಲಿಗೆ ಹೋಗುತ್ತೀರಿ ಎಂದು. ಎಲ್ಲವನ್ನೂ ಹೇಳಿದೆ. ಅವಳು ಕೇಳಿಸಿಕೊಂಡು ಒಂದೇ ಮಾತು ಹೇಳಿದಳು: "ನಾಯಿ ಸಿಗೋದು ಬಿಡೋದು ನಿಮ್ಮ ಕೈಯಲ್ಲಿಲ್ಲ. ಹೇಳೋದು ನಿಮ್ಮ ಕೈಯಲ್ಲಿದೆ."

ಸೋಮವಾರವೇ ಕೆಂಚಾರ್ಲಹಳ್ಳಿಗೆ ಹೋದೆ. ಅವರು ಜಗುಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದರು. ನಿಂತುಕೊಂಡೇ ಹೇಳಿದೆ: ಮರ ದಾಟಿ ಹೋದದ್ದು, ಎಂಟು ಮಾರು ದೂರದಲ್ಲಿ ಮಲಗಿದ್ದು, ಹಕ್ಕಿ ಎರಡು ಸಲ ನೀರು ತಂದು ನಿಂತುಹೋದದ್ದು, ಮೊಟ್ಟೆ ಹೂತದ್ದು, ನಾಯಿಯ ಹೆಸರು ಹೇಳಿದ್ದು. ಹಿಂದೂಪುರದ ರಸ್ತೆಯಲ್ಲಿ ಹುಡುಕಿದ್ದನ್ನೂ ಹೇಳಿದೆ. ಅವರ ಕೈ ಒಂದು ಸಲವೂ ನಿಲ್ಲಲಿಲ್ಲ. ಮೊರದಲ್ಲಿದ್ದ ಕಾಯಿ ಪೂರ್ತಿ ಮುಗಿದ ಮೇಲೆ ಸಿಪ್ಪೆಯನ್ನು ಒಂದು ಕಡೆ ತಳ್ಳಿದರು.

"ಹಕ್ಕಿ ಇನ್ನೊಂದ್ಸಲ ಇಕ್ತದೆ ಮೊಟ್ಟೆ" ಅಂದರು. "ಅವತ್ತೇ ಹೇಳಿದ್ರೆ ಬೈತಿದ್ದೆ. ಎರಡು ಮಾತು ಜಾಸ್ತಿನೇ ಬೈತಿದ್ದೆ. ಅಷ್ಟೇ ಆಗ್ತಿದ್ದಿದ್ದು."

ನಾನು ಕೆಳಗೆ ಉದುರಿದ್ದ ಒಂದು ಸಿಪ್ಪೆ ಎತ್ತಿ ರಾಶಿಗೆ ಹಾಕಿದೆ.

"ಗಾಡಿ ಹತ್ಸೋವಾಗ ನನ್ನ ಮುಖಾನೇ ನೋಡ್ತಿತ್ತು" ಅಂದರು. "ಬೈದ್ಬಿಟ್ಟು ಹತ್ಸ್ದೆ. ಕಳ್ಳಮುಂಡೇದೆ ಅಂದೆ ಅದ್ನ."

ಒಳಗೆ ಹೋಗಿ ಫ್ರೇಮು ತಂದು ನನ್ನ ಕೈಗೆ ಕೊಟ್ಟರು. ಸಿಟ್ಟಿನಿಂದ ಕೊಟ್ಟದ್ದಲ್ಲ. "ತಗೊಂಡೋಗಿ ಸಾಬ್ರೇ" ಅಂದರು. ಅದುವರೆಗೆ ಬಾಪ್ಪ, ಕೂತ್ಕೋಪ್ಪ ಅನ್ನುತ್ತಿದ್ದವರು ಆ ದಿನದಿಂದ ನನಗೆ ಬಹುವಚನ ಹಚ್ಚಿದರು. ಮರ್ಯಾದೆ ಹೀಗೂ ಚುಚ್ಚುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಗುಂಪಿನ ಹಿರಿಯರಿಗೂ ವಿಷಯ ಹೇಳಿ, ಗುಂಪಿನಲ್ಲಿ ಹಾಕಿದ್ದ ಚಿತ್ರವನ್ನು ತೆಗೆಸಿದೆ. ಅವರು ಬೇಸರದಿಂದ, "ತೆಗ್ದಾಗಿದೆ ಚಿತ್ರ, ಈಗ ತೆಗ್ಸಿ ಏನು ಉಪಯೋಗ?" ಅಂದರು. ಗುಂಪಿನ ಒಬ್ಬಿಬ್ಬರು ಈಗ ಮೊಟ್ಟೆಯಿಡುವ ಜಾಗಗಳಿಗೆ ಹೋಗುವುದನ್ನು ಬಿಟ್ಟಿದ್ದಾರೆ. ಉಳಿದವರು ಹೋಗುತ್ತಾರೆ.

ಆ ಅಮ್ಮ ಈಗಲೂ ಮಾರ್ಕೆಟ್ಟಿಗೆ ಬರುತ್ತಾರೆ. ಅವರ ಗೂಡು ಮೊದಲಿನ ಹಾಗೇ ಗಟ್ಟಿ. ಹೇಗಿದ್ದೀರಮ್ಮ ಅಂದರೆ ಚೆನ್ನಾಗಿದ್ದೀನಿ ಸಾಬ್ರೇ ಅನ್ನುತ್ತಾರೆ. ಮಾತು ಅಲ್ಲಿಗೆ ಮುಗಿಯುತ್ತದೆ. ಬೇರೆ ನಾಯಿ ಸಾಕಿಲ್ಲವಂತೆ. ಹುಳು ಮನೆಯ ಬಾಗಿಲಿಗೆ ತಗಡು ಹೊಡೆಸಿದ್ದಾರೆ.

ಈ ವರ್ಷ ಬೇಸಿಗೆಯ ಶುರುವಿನಲ್ಲಿ ಅವರ ತಮ್ಮ ತರಕಾರಿ ಗಾಡಿ ನಿಲ್ಲಿಸಿ ನನ್ನ ಜೊತೆ ಟೀ ಕುಡಿದ. ಅಕ್ಕನ ಹೊಲದಲ್ಲಿ ಟಿಟ್ಟಿಭ ಮತ್ತೆ ಮೊಟ್ಟೆ ಇಟ್ಟಿದೆ ಎಂದ. "ನಿಮ್ಗೆ ಹೇಳ್ಬೇಡ ಅಂದವ್ಳೆ ಅಕ್ಕ. ಬಾಯಿ ತಪ್ಪಿ ಬಂದ್ಬಿಡ್ತು. ನಾನ್ ಹೇಳ್ದೆ ಅನ್ಬೇಡಿ" ಅಂದ.

ಅನ್ನುವುದಿಲ್ಲ ಎಂದು ಮಾತು ಕೊಟ್ಟೆ. ಆ ತಿಂಗಳು ಚಿಂತಾಮಣಿಗೆ ಹೋಗುವ ಕೆಲಸ ನಾಲ್ಕು ಸಲ ಬಿತ್ತು. ನಾಲ್ಕು ಸಲವೂ ಕೆಂಚಾರ್ಲಹಳ್ಳಿಯ ಕಡೆಗೆ ತಿರುಗದೆ ನೇರ ದಾರಿಯಲ್ಲೇ ಹೋಗಿ, ನೇರ ದಾರಿಯಲ್ಲೇ ಮನೆಗೆ ಬಂದೆ. ಮರಿಗಳಾದವೋ ಇಲ್ಲವೋ, ಕೇಳಲಿಲ್ಲ.